ಬಿಂದುರಾಯರು ಕತ್ತರಿಸಿದ ಇಂದ್ರಸಭೆ

ಬಿಂದುರಾಯರು ಚಪ್ಪಲಿ ಮೆಟ್ಟಿಕೊಂಡು ಚಿತ್ರಮಂದಿರದೊಳಗೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಮುಂಬಯಿಯ ದಾದರಿನಲ್ಲಿದ್ದ ಹಳೆಯ ಥಿಯೇಟರೊಂದರ ಬಾಗಿಲಲ್ಲಿ ಶೇಂಗಾ ಮಾರುತ್ತಿದ್ದ ಮುದುಕಿಯ ಬುಟ್ಟಿಯ ಪಕ್ಕದಲ್ಲಿ ಅವನ್ನು ಜೋಡಿಸಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುವರು. ತೆರೆಯ ಮೇಲೆ ಯಾವ ಚಿತ್ರವಿದ್ದರೂ ಈ ಕ್ರಮ ತಪ್ಪುತ್ತಿರಲಿಲ್ಲ.

"ಇವತ್ತಿಂದು ದರೋಡೆಕೋರರ ಕಥಿ, ರಾಯರ," ಎಂದು ನಾನೊಮ್ಮೆ ನಕ್ಕಿದ್ದೆ.

"ಇರ್ಲಿ ಆಚಾರ್ರ. ಕಳ್ಳನ ಮನ್ಯಾಗೂ ದೇವರ ಗೂಡು ಇರತದ."

ಅವರು ಬಿಜಾಪುರ ಸೀಮೆಯವರು. ನಾಟಕ ಕಂಪನಿಯೊಂದರಲ್ಲಿ ಬೆಳೆದು, ಅದು ಮುಚ್ಚಿದ ಮೇಲೆ ಮುಂಬಯಿ ಸೇರಿ, ಅಂಧೇರಿಯ ಸ್ಟುಡಿಯೋಗಳಲ್ಲಿ ಹಿಂದಿಯ ಪೌರಾಣಿಕ ಚಿತ್ರಗಳನ್ನು ನಿರ್ದೇಶಿಸುತ್ತಿದ್ದರು. ಅರುವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಾತುಂಗದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದ ನನ್ನನ್ನು, ನಟರ ಬಾಯಲ್ಲಿ ಸ್ತೋತ್ರಗಳ ಉಚ್ಚಾರ ಕೆಡದಿರಲೆಂದು ಕರೆಸಿಕೊಳ್ಳುತ್ತಿದ್ದರು.

ಕಂಪನಿ ನಾಟಕದ ಒಂದು ನೇಮವನ್ನು ಅವರು ಸ್ಟುಡಿಯೋಗೂ ತಂದಿದ್ದರು. ಕಿರೀಟವೇರಿದ ಮೇಲೆ ನಟನನ್ನು ಅವನ ಹೆಸರು ಹಿಡಿದು ಕರೆಯಬಾರದು. ಅವನೂ ಮನುಷ್ಯರ ಚಟಗಳನ್ನು ತೋರಬಾರದು. ವಿಷ್ಣುವಿನ ಪಾತ್ರಕ್ಕೆ ಬಂದ ಪಂಜಾಬಿ ಹುಡುಗನೊಬ್ಬ ಶಂಖಚಕ್ರಗಳನ್ನು ಕುರ್ಚಿಗೆ ಒರಗಿಸಿ ಸಿಗರೇಟು ಹಚ್ಚಿದ. ರಾಯರು ಗದರಲಿಲ್ಲ. ಎದುರಿಗೆ ನಿಂತು ಕೈಮುಗಿದು, "ಪ್ರಭು, ಪೆಹಲೇ ಕಿರೀಟ ಉತಾರಿಯೇ. ಫಿರ್ ಪೀಜಿಯೇ," ಎಂದರು; ಮೊದಲು ಕಿರೀಟ ಇಳಿಸಿ, ಆಮೇಲೆ ಸೇದಿ ಎಂದು. ಹುಡುಗ ಬಿದ್ದು ಬಿದ್ದು ನಕ್ಕ. ಆದರೆ ಮುಂದಿನ ಚಿತ್ರದ ಹೊತ್ತಿಗೆ, ಚಹಾ ಕುಡಿಯುವ ಮುನ್ನವೂ ಕಿರೀಟವನ್ನು ತಾನಾಗಿ ತೆಗೆದು ಮಡಿವಸ್ತ್ರದ ಮೇಲಿಡುತ್ತಿದ್ದ.

ನಮ್ಮ ದೇಶದ ಚಿತ್ರರಂಗದ ಸ್ವರೂಪವೇನು, ಮುಂದಿನ ಗತಿಯೇನು ಎಂದು ದಾದರಿನ ಕನ್ನಡ ಸಂಘದವರು ಒಂದು ಸಂಜೆ ಚರ್ಚೆ ಇಟ್ಟುಕೊಂಡಿದ್ದರು. ಸಿನಿಮಾ ವಿದ್ಯೆಯನ್ನು ಕ್ರಮವಾಗಿ ಓದಿ ಬಂದಿದ್ದ ತರುಣನೊಬ್ಬ ಎದ್ದು, "ಈ ಕಿರೀಟ, ಈ ಹತ್ತಿಯ ಮೋಡ ಇದನ್ನೇ ಇಂಡಿಯಾದ ಸಿನಿಮಾ ಅಂತ ಫಾರಿನ್ನಿನವರಿಗೆ ತೋರಿಸಲಿಕ್ಕೆ ನಾಚಿಕೆ ಆಗ್ತದೆ ಸರ್," ಎಂದ.

ರಾಯರು ಕುಳಿತಲ್ಲಿಂದಲೇ ಉತ್ತರಿಸಿದರು: "ತಮ್ಮಾ, ನನ್ನ ಯುನಿಟ್‌ನ್ಯಾಗ ಕ್ಯಾಮರಾದವ ಬಂಗಾಲಿ, ಡಾನ್ಸ್ ಮಾಸ್ತರ ಮದ್ರಾಸಿನವ, ಮಾತು ಬರಿಯೋರು ಲಖನೌದ ಖಾನ್ ಸಾಹೇಬ್ರು, ವಿಷ್ಣು ಪಂಜಾಬಿ, ಲಕ್ಷ್ಮೀ ಗೋವಾದಾಕಿ. ಇದಕ್ಕಿಂತ ದೊಡ್ಡ ದೇಶ ನೀ ಎಲ್ಲಿಂದ ತರ್ತಿ? ಇನ್ನ ನಾಚಿಕಿ ಅಂದ್ಯಲ್ಲ, ಅದು ಫಾರಿನ್‌ದವರ ಮುಂದ ಬರೂದಲ್ಲಪ್ಪಾ. ನಮ್ಮ ಮನೀ ಹೆಣ್ಮಕ್ಕಳ ಸಂಗಾಟ ಕೂತು ನಮ್ಮ ಚಿತ್ರ ನಾವ ನೋಡ್ಲಿಕ್ಕೆ ಆಗಲಿಲ್ಲಂದ್ರ, ಆವಾಗ ಬರ್ತದ."

ಸಭೆ ಚಪ್ಪಾಳೆ ತಟ್ಟಿತು. ಆ ತರುಣನೂ ನಕ್ಕು ತಟ್ಟಿದ.

ಕೆಲವು ವರ್ಷಗಳಲ್ಲಿ ಆ ಮಾತು ಆಡಿದವರನ್ನೇ ಹುಡುಕಿಕೊಂಡು ಬಂದಿತು. ಪೌರಾಣಿಕಗಳನ್ನು ಕೇಳುವವರಿಲ್ಲವಾಗಿ ಯುನಿಟ್ಟಿನ ಜನ ಕೆಲಸವಿಲ್ಲದೆ ಕುಳಿತಿದ್ದರು. ರಾಯರ ಹೊಸ ಚಿತ್ರವನ್ನು ಹಂಚುವ ಸೇಠ್ ಒಂದೇ ಷರತ್ತು ಹಾಕಿದ: "ಮಾಸ್ತರ್‌ಜೀ, ಇಂದ್ರ ಕಾ ದರ್ಬಾರ್ ತೋ ಹೈ ಹೀ. ಏಕ್ ಡಾನ್ಸ್ ಡಾಲೋ, ಬಸ್." ಅಪ್ಸರೆಯರು ಕುಣಿಯುವುದು ಪುರಾಣದಲ್ಲೇ ಉಂಟಲ್ಲ ಎಂದು ರಾಯರು ತಮಗೆ ತಾವೇ ಹೇಳಿಕೊಂಡು ಒಪ್ಪಿದರು. ಇಂದ್ರಸಭೆಗೆ ಅತಿಥಿಯಾಗಿ ವಿಷ್ಣು ಬಂದು ಕುಳಿತಿರುವ ದೃಶ್ಯದಲ್ಲೇ ನೃತ್ಯವನ್ನು ಸೇರಿಸಿದರು.

ಚಿತ್ರ ಬಿಡುಗಡೆಯಾದಾಗ ನಾವು ಮೂವರೂ ದಾದರಿನಲ್ಲಿ ನೋಡಿದೆವು. ನನ್ನ ಪತ್ನಿ ರುಕ್ಮಿಣಿ ರಾಯರ ಚಿತ್ರಗಳನ್ನಲ್ಲದೆ ಬೇರೆ ಸಿನಿಮಾ ನೋಡಿದವಳಲ್ಲ. ನಮ್ಮ ಚಾಳಿನ ವಠಾರದ ಹೆಂಗಸರಂತೆ ಅವಳೂ ಆರತಿಯ ತಟ್ಟೆ ತಂದಿದ್ದಳು. ತೆರೆಯ ಮೇಲೆ ದೇವರು ಕಾಣಿಸಿದಾಗ ಎದ್ದು ಬತ್ತಿ ಹೊತ್ತಿಸಿ ಬೆಳಗುವುದು ಅಂದಿನ ರೂಢಿ. ಇಂದ್ರಸಭೆಯಲ್ಲಿ ವಿಷ್ಣು ಪೀಠವೇರಿದ, ಹೆಂಗಸರೆಲ್ಲ ಎದ್ದರು, ಸಾಲುಸಾಲಾಗಿ ದೀಪಗಳು ಹೊತ್ತಿದವು. ಮರುಕ್ಷಣ ತುಂಡು ಬಟ್ಟೆಯ ನರ್ತಕಿ ತೆರೆಯನ್ನು ತುಂಬಿದಳು. ಮುಂದಿನ ಸಾಲುಗಳಿಂದ ಸಿಳ್ಳೆ ಎದ್ದಿತು. ಹೆಂಗಸರು ಆರತಿ ಹಿಡಿದು ನಿಂತೇ ಇದ್ದರು. ಅವರು ಬೆಳಗುತ್ತಿದ್ದದ್ದು ಈಗ ಅವಳನ್ನು. ಒಬ್ಬಳು ತಟ್ಟೆಯಿಂದ ಹೂವೊಂದನ್ನೆತ್ತಿ ಬತ್ತಿಯ ಮೇಲಿಟ್ಟಳು. ಆಮೇಲೆ ಇನ್ನೊಬ್ಬಳು. ದೀಪವನ್ನು ಯಾರೂ ಬಾಯಿಂದ ಊದಲಿಲ್ಲ. ಹೂವಿನಿಂದಲೇ ಒಂದೊಂದಾಗಿ ಶಾಂತ ಮಾಡಿ ಕುಳಿತರು. ರುಕ್ಮಿಣಿಯೂ ಕುಳಿತಳು. ಅವಳ ಬದಿಯಲ್ಲಿದ್ದ ರಾಯರು ತಮ್ಮ ಬರಿಗಾಲನ್ನೇ ನೋಡುತ್ತಿದ್ದರು. ಅವರ ಕಡೆ ತಿರುಗಲು ನನಗೂ ಮುಖವಿರಲಿಲ್ಲ.

ಹೊರಗೆ ಬಂದಾಗ ರುಕ್ಮಿಣಿ ಮೆಲ್ಲಗೆ ಅಂದಳು: "ಅಣ್ಣಾ, ಮುಂದಿನ ಸಲ ಮೊದಲ ಹೇಳಿಬಿಡ್ರಿ. ಆರತಿ ತರೂದಿಲ್ಲ."

ಮರುದಿನ ಮಧ್ಯಾಹ್ನದ ಆಟಕ್ಕೆ ಮೊದಲು ರಾಯರು ನನ್ನನ್ನೂ ಕರೆದುಕೊಂಡು ಪ್ರೊಜೆಕ್ಟರ್ ಕೋಣೆಗೆ ಹೋದರು. ಯಂತ್ರ ನಡೆಸುವ ಶೇಖರ ಉಡುಪಿ ಕಡೆಯವನು. ನೃತ್ಯವನ್ನು ತೆಗೆದುಹಾಕೆಂದು ರಾಯರು ಕೇಳಿಕೊಂಡಾಗ ತಲೆ ಕೆರೆದುಕೊಂಡ. "ಸೇಠ್‌ಗೆ ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ ಮಾರಾಯ್ರೆ. ನಾನು ಚಾ ಕುಡಿದು ಬರ್ತೇನೆ. ಕತ್ತರಿ ಅಲ್ಲಿ ಮೇಜಿನ ಮೇಲುಂಟು."

ಆ ಮಧ್ಯಾಹ್ನ ಹೆಂಗಸರ ದೀಪಗಳು ಕೊನೆಯವರೆಗೂ ಉರಿದವು. ಸಂಜೆಯ ಆಟದಲ್ಲಿ ಜನ ಡಾನ್ಸ್ ಎಲ್ಲಿ ಎಂದು ಕೂಗಿ ಕುರ್ಚಿ ಮುರಿದರು. ಸೇಠ್ ಬೇರೊಂದು ಪ್ರತಿಯಿಂದ ಆ ತುಂಡನ್ನು ತರಿಸಿ ಅಂಟಿಸಿದ. ಚಿತ್ರ ತಿಂಗಳುಗಟ್ಟಲೆ ಓಡಿತು. ಪೋಸ್ಟರುಗಳಲ್ಲಿ ನರ್ತಕಿ ಆಳೆತ್ತರ, ವಿಷ್ಣು ಹೆಬ್ಬೆರಳಿನಷ್ಟು. ಅಂಥ ಇನ್ನಷ್ಟು ಚಿತ್ರಗಳಿಗೆ ಕರೆ ಬಂದರೂ ರಾಯರು ಮತ್ತೆ ಸ್ಟುಡಿಯೋದ ಕಡೆ ಹೋಗಲಿಲ್ಲ.

ಬಹಳ ದಿನಗಳ ಮೇಲೆ ಒಂದು ಬೆಳಿಗ್ಗೆ ಸ್ಟೀಲಿನ ಡಬ್ಬಿಯೊಂದನ್ನು ಹಿಡಿದು ಮನೆಗೆ ಬಂದರು. ಒಳಗೆ ಅಂದು ಕತ್ತರಿಸಿದ ಸುರುಳಿಯಿತ್ತು.

"ಕಸದಾಗ ಒಗೀಲಿಕ್ಕೆ ಕೈ ಬರವಲ್ದು ಆಚಾರ್ರ. ಇದರಾಗ ದೇವರಿದ್ದಾನ. ಮನ್ಯಾಗ ಇಟಗೋಬೇಕಂದ್ರ ಆಕಿ ಇದ್ದಾಳ. ಶಾಸ್ತ್ರ ಏನ್ ಹೇಳತದ?"

ಒಡೆದು ಭಿನ್ನವಾದ ಮೂರ್ತಿಯನ್ನು ನೀರಿಗೆ ಬಿಡುವುದು ವಿಧಿ ಎಂದೆ. ಇಬ್ಬರೂ ಪವಾಯಿಯ ಕೆರೆಗೆ ಹೋದೆವು. ದಂಡೆಯಲ್ಲಿ ರಾಯರು ಚಪ್ಪಲಿ ಕಳಚಿ, ಸುರುಳಿಯನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದರು. ಪ್ರತಿಯೊಂದು ಚೌಕದಲ್ಲೂ ಅವಳು. ಹಿಂದೆ, ಚಿಕ್ಕದಾಗಿ, ಕಿರೀಟದ ಭಾರಕ್ಕೆಂಬಂತೆ ತಲೆ ತಗ್ಗಿಸಿ ಕುಳಿತ ವಿಷ್ಣು.

"ಶಾಟ್ ತಗಿಯೋ ಮುಂದ ಎಷ್ಟ ಒದರಿದ್ದೆ. ಪ್ರಭು, ತಲಿ ಎತ್ತರಿ, ಮುಖ ಕಾಣವಲ್ದು ಅಂತ. ಸಿಗರೇಟಿನ ಹುಡುಗ ನೋಡ್ರಿ, ಅವನ. ಎತ್ತಲೇ ಇಲ್ಲ."

ನಾನು ಬಿಂದುರಾಯರನ್ನು ಕಂಡದ್ದು ಅದೇ ಕಡೆಯ ಸಲ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಅಂದು ಅವರು ನೀರಿಗೆ ಬಿಟ್ಟ ಸುರುಳಿ ಮುಳುಗಲಿಲ್ಲ. ಬಿಚ್ಚಿಕೊಂಡು, ಹೊಳೆಯುತ್ತ, ಮತ್ತೆ ಮತ್ತೆ ದಂಡೆಗೇ ತೇಲಿಬಂದಿತು. ರಾಯರು ಮೊಣಕಾಲುದ್ದ ನೀರಿಗಿಳಿದು, ಬಗ್ಗಿ, ಎರಡೂ ಕೈಗಳಿಂದ ಅದನ್ನು ಕೆಸರಿಗೆ ಒತ್ತಿ ಹಿಡಿದರು. "ಸಾಕು, ಮ್ಯಾಲ ಬರ್ರಿ ರಾಯರ," ಎಂದು ನಾನು ದಂಡೆಯಿಂದ ಕರೆದೆ.

ಅವರೂ ತಲೆ ಎತ್ತಲಿಲ್ಲ.