ಹೊರಗಿನಿಂದ ಬೀಗ

ನವಿ ಮುಂಬಯಿಯ ಕಾಮೋಠೆಗೆ ಬಂದ ಮರುದಿನ ಬೆಳಿಗ್ಗೆ ಪಕ್ಕದ ಖೋಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗಿನಿಂದ ಮಗುವಿನ ಅಳು ಬರುತ್ತಿತ್ತು. ಖೋಲಿ ಎಂದರೆ ಇಲ್ಲಿ ಒಂದೇ ಕೋಣೆಯ ಮನೆ. ಗಾಬರಿಯಿಂದ ಬೀಗ ಜಗ್ಗಿದೆ. ಸಂಜೆ ಕೆಲಸದಿಂದ ಮರಳಿದ ಆ ಮಗುವಿನ ತಾಯಿ, ಕಲಬುರಗಿ ಕಡೆಯ ಶಾಂತವ್ವ, ನನ್ನನ್ನೇ ಸಮಾಧಾನ ಮಾಡಿದಳು: "ಮೊದಲ ಅಳ್ತಾವ. ಆಮ್ಯಾಲ ರೂಢಿ ಆಗ್ತದ."

ನಮ್ಮ ಸಿಂದಗಿ ಕಡೆಯ ಹಳ್ಳಿಯಲ್ಲಿ ಹಗಲು ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ನನ್ನ ಮಗಳು ರೇಣುಕಾ ಹಸಿದು ಯಾರ ಮನೆ ಹೊಕ್ಕರೂ ರೊಟ್ಟಿ ಸಿಗುತ್ತಿತ್ತು. ಇಲ್ಲಿ ಗಂಡ ವಾಶಿ ಮಾರ್ಕೆಟ್ಟಿನಲ್ಲಿ ಹಮಾಲಿ, ನನ್ನದು ಎತ್ತರದ ಬಿಲ್ಡಿಂಗುಗಳಲ್ಲಿ ಮನೆಗೆಲಸ. ಮೂರು ವರ್ಷದ ಕೂಸನ್ನು ಜೊತೆಗೆ ತರಬೇಡ ಎಂದು ಆ ಮನೆಗಳವರು ಮೊದಲೇ ಹೇಳಿದ್ದರು.

ಅಂಗನವಾಡಿ ಹುಡುಕಿಕೊಂಡು ಹೋದೆ. ಊರಿನಲ್ಲಿದ್ದಂತೆ ಇಲ್ಲೂ ಗೋಡೆಯ ಮೇಲೆ ನವಿಲು, ಮಕ್ಕಳ ತಟ್ಟೆಯಲ್ಲಿ ಬಿಸಿ ಖಿಚಡಿ. ಅಲ್ಲಿನ ಸೇವಿಕಾ ಮಗಳ ಕೆನ್ನೆ ಸವರಿದಾಗ ಬದುಕಿದೆ ಅನ್ನಿಸಿತು. ಆಮೇಲೆ ಕೇಳಿದಳು: "ತಾಯಿ, ಮೀ ದುಪಾರೀ ಬಂದ್ ಕರ್ತೆ. ಮಗ್ ಕೋಣ್ ಬಘಣಾರ್?" ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಮಧ್ಯಾಹ್ನ ಮುಚ್ಚುತ್ತೇನೆ, ಆಮೇಲೆ ಇವಳನ್ನು ಯಾರು ನೋಡುತ್ತಾರೆ ಎಂದು ಅವಳು ಕೇಳಿದ್ದು. ಮಧ್ಯಾಹ್ನ ಮಗಳನ್ನು ಕರೆತರಲು ನಮಗೆ ಯಾರೂ ಇರಲಿಲ್ಲ.

ಶಾಂತವ್ವನನ್ನು ಕರೆದುಕೊಂಡು ಸರ್ಕಾರಿ ಕಚೇರಿಗೂ ಹೋದೆ. ಪಾಳಣಾಘರ್, ಅಂದರೆ ಸಂಜೆಯತನಕ ಕೂಸುಗಳನ್ನು ನೋಡಿಕೊಳ್ಳುವ ಮನೆ, ಬೇಕೆಂದು ಮುರುಕು ಹಿಂದಿಯಲ್ಲಿ ತಡವರಿಸದೆ ಹೇಳಿ ಮುಗಿಸಿದೆ. ಈ ಊರಿನಲ್ಲಿ ಅದೇ ನನ್ನ ಗೆಲುವು. "ಯೋಜನಾ ಹೈ, ಜಗಾ ನಹೀ ಹೈ," ಎಂದರು ಸಾಹೇಬರು. ಯೋಜನೆ ಇದೆಯಂತೆ, ಜಾಗ ಇಲ್ಲವಂತೆ.

ನಾನೂ ಬೀಗ ತಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಸಂಜೆ, ಒಳಗಿನಿಂದ ಅಳು ಕೇಳಲಿಲ್ಲ. ಬಾಗಿಲು ತೆಗೆದರೆ ರೇಣುಕಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕರೆದೆ, ತಿರುಗಲಿಲ್ಲ. ಮಡಿಲಿಗೆ ಎಳೆದುಕೊಂಡರೂ ಕೊರಡಿನಂತೆ ಬಿಗಿದೇ ಇದ್ದಳು. ಗಂಡ, "ಊರಾಗ ನಿನ್ನ ತಂಗಿ ಹಂತ್ಯಾಕ ಬಿಟ್ಟು ಬರೂಣು," ಎಂದ. ಅವಳ ಬಟ್ಟೆ ಗಂಟು ಕಟ್ಟಿದೆ, ಊರಿಗೆ ಒಯ್ದು ತಂಗಿಯ ಹತ್ತಿರ ಬಿಟ್ಟು ಬಂದೆವು.

ಒಂದು ವರ್ಷದ ಮೇಲೆ, ಈ ದೀಪಾವಳಿಗೆ, ಊರಿಗೆ ಹೋಗಿದ್ದೆ. ಮಗಳು ಮೈತುಂಬಿಕೊಂಡಿದ್ದಾಳೆ, ಓಣಿಯೆಲ್ಲ ಅವಳದೇ ಗದ್ದಲ. ನಾನು ಒಯ್ದ ಫ್ರಾಕು ಗಿಡ್ಡವಾಯಿತು. ತಂಗಿಯ ಸೆರಗು ಹಿಡಿದು ನನ್ನನ್ನು ದೂರದಿಂದಲೇ ನೋಡುತ್ತಿದ್ದವಳು, ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು:

"ನೀ ನಿಮ್ಮೂರಿಗಿ ಯಾವಾಗ ಹೋಗ್ತಿ?"

"ನಾಳಿಗಿ," ಎಂದೆ.