ಮುನಿತಾಯಮ್ಮನ ಎರಡು ಹೆಪ್ಪು

ಹೊಸಹಳ್ಳಿಯ ನಮ್ಮ ಬೀದಿಯ ಸಾರ್ವಜನಿಕ ಕಕ್ಕಸಿನ ಬೀಗದ ಕೈ ಮುನಿತಾಯಮ್ಮನ ಸೊಂಟದಲ್ಲಿರುತ್ತಿತ್ತು. ಅದೇ ಮುನಿತಾಯಮ್ಮ ಬೆಳಗಾದರೆ ತಲೆಯ ಮೇಲೆ ಮಡಕೆ ಹೊತ್ತು ಬಸವೇಶ್ವರನಗರದ ಬೀದಿಗಳಲ್ಲಿ ಮೊಸರು ಮಾರುತ್ತಿದ್ದಳು. ಈ ಎರಡು ಕೆಲಸ ಒಬ್ಬಳೇ ಹೆಂಗಸಿಗೆ ಹೇಗೆ ಅಂಟಿಕೊಂಡವು ಎಂದು ಹೇಳಬೇಕಾದರೆ ಬಡಾವಣೆ ಮಾಡಿದವರನ್ನು ನಾನು ಬೈಯಬೇಕಾಗುತ್ತದೆ. ಬೈಯುವುದಕ್ಕೆ ನನಗೇನೂ ಬೇಸರವಿಲ್ಲ.

ಅವಳ ಗಂಡ ಬೈರಯ್ಯನ ರಾಗಿ ಹೊಲ ಸೈಟುಗಳಾಗಿ ಹೋಯಿತು. ಹೊಲದ ಜೊತೆ ಬೇಲಿ ಹೋಯಿತು, ಬೇಲಿಯ ಜೊತೆ ಮರೆಯೂ ಹೋಯಿತು. ಗಂಡಸರಿಗೆ ನಾಚಿಕೆ ಕಡಿಮೆ, ಎಲ್ಲಿ ಗೋಡೆ ಕಂಡರೂ ನಡೆಯುತ್ತಿತ್ತು. ಹೆಂಗಸರು ಮಾತ್ರ ಹೊತ್ತು ಮುಳುಗುವವರೆಗೆ ಹೊಟ್ಟೆ ಹಿಡಿದುಕೊಂಡು ಕಾಯಬೇಕಿತ್ತು. ಕೊನೆಗೆ ಎಪ್ಪತ್ತೇಳನೇ ಇಸವಿಯ ಸುಮಾರಿಗೆ ಮುನಿತಾಯಮ್ಮನ ಕೊಟ್ಟಿಗೆಯ ಪಕ್ಕದಲ್ಲೇ ಸಾಲು ಕಕ್ಕಸು ಎದ್ದಿತು. ಹತ್ತಿರ ಇದ್ದವಳು ಅವಳೇ ಎಂದು ಬೀಗದ ಕೈಯನ್ನೂ ಅವಳಿಗೇ ಕೊಟ್ಟರು.

ಒಳಚರಂಡಿ ಆ ಕಡೆಗೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಅಲ್ಲಿಯದನ್ನು ಅಲ್ಲೇ ಅರಗಿಸಬೇಕಿತ್ತು. ನೆಲದಡಿಯಲ್ಲಿ ದೊಡ್ಡ ತೊಟ್ಟಿ, ಅದರಾಚೆ ಜಲ್ಲಿ ತುಂಬಿದ ಗುಂಡಿ, ಅಲ್ಲಿಂದ ಸೋಸಿ ಬಂದ ನೀರಿಗೆ ಒಂದು ಸಾಲು ಬಾಳೆ. ಆ ಬಾಳೆಯ ಎಲೆ ಯಾವ ಮದುವೆಮನೆಗಳಿಗೆ ಹೋಗುತ್ತಿತ್ತು ಅಂತ ನಾನು ಯಾವತ್ತೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಎಷ್ಟೋ ಒಳ್ಳೆಯ ಊಟ ತಪ್ಪಿಹೋಗುತ್ತಿತ್ತು.

ತೊಟ್ಟಿ ಶುರುವಾಗುವ ದಿನ ಶ್ಯಾಮಸುಂದರ ಎನ್ನುವ ಹುಡುಗ ಇಂಜಿನಿಯರು ಯಾವುದೋ ಹಳೆಯ ತೊಟ್ಟಿಯಿಂದ ಎರಡು ಬಕೆಟ್ ಕಪ್ಪು ರಾಡಿ ತರಿಸಿದ. ಇದ್ಯಾಕಪ್ಪ ಅಂತ ಮುನಿತಾಯಮ್ಮ ಮೂಗು ಮುಚ್ಚಿಕೊಂಡು ಕೇಳಿದಳು.

"ಇದರಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ ಅಮ್ಮ. ಅವೇ ಎಲ್ಲಾ ತಿಂದು ಕರಗಿಸ್ತವೆ."

"ಹುಳಾನಾ? ಬ್ಯಾಡ ಕಣಪ್ಪ! ನನ್ ಎಮ್ಮೆ ಪಕ್ಕದಾಗೆ ಹುಳ ಬಿಡಬ್ಯಾಡ."

ಹುಡುಗ ತಲೆ ಕೆರೆದುಕೊಂಡ. ಜಗಲಿಯ ಮೇಲಿದ್ದ ಮೊಸರಿನ ಮಡಕೆ ಅವನ ಕಣ್ಣಿಗೆ ಬಿತ್ತು. "ಹೆಪ್ಪು ಅಂತ ತಿಳ್ಕೊಳ್ಳಿ. ಹಾಲಿಗೆ ಹಾಕ್ತೀರಲ್ಲ, ಹಾಗೆ ಇದು ತೊಟ್ಟಿಗೆ ಹೆಪ್ಪು. ಫಿನಾಯಿಲ್ ಹಾಕಿದ್ರೆ ಕೆಟ್ಟುಹೋಗುತ್ತೆ" ಎಂದವನೇ ಸ್ಕೂಟರ್ ಹತ್ತಿ ಹೊರಟುಹೋದ.

ಆ ಒಂದು ಮಾತು ಸಾಕಾಯಿತು. ಹೆಪ್ಪಿನ ವಿಷಯದಲ್ಲಿ ಮುನಿತಾಯಮ್ಮನಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನಿಂದ ನಾವು ಸಾಲಿನಲ್ಲಿ ನಿಂತವರೆಲ್ಲ ಅವಳ ಬೈಗುಳ ತಿನ್ನಬೇಕಾಯಿತು. "ಬೀಡಿ ತುಂಡು ಹಾಕಬ್ಯಾಡ್ರಲೇ, ಹೆಪ್ಪು ಕೆಡ್ತದೆ!" "ಯಾವನಲೇ ಅವನು ತೊಟ್ಟಿ ಮ್ಯಾಲೆ ಕುಣಿಯೋನು? ಹೆಪ್ಪು ಒಡೀತದೆ!" ತೊಟ್ಟಿಯ ಮುಚ್ಚಳದ ಹತ್ತಿರ ನಾವು ಮೆತ್ತಗೆ ಹೆಜ್ಜೆ ಇಡುತ್ತಿದ್ದೆವು. ಏನೇ ಹೇಳಿ, ವಾಸನೆ ಎಂಬುದು ಇರಲಿಲ್ಲ.

ಎಡವಟ್ಟಾದದ್ದು ಪಾಪಮ್ಮನಿಂದ. ನಮ್ಮ ಬೀದಿಯ ಪಾಪಮ್ಮ ಬಸವೇಶ್ವರನಗರದ ಜಗದಾಂಬಾ ಅವರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಜಗದಾಂಬಾ ಎಂದರೆ ದಾವಣಗೆರೆ ಕಡೆಯ ದೊಡ್ಡ ಮನೆತನದ ಹೆಣ್ಣುಮಗಳು, ಹಣೆ ತುಂಬ ವಿಭೂತಿ, ಶುದ್ಧ ಅಂದರೆ ಶುದ್ಧ. ಅವರ ಮುಂದೆ ಪಾಪಮ್ಮ ಮೆಚ್ಚಿಕೊಂಡೇ ಹೇಳಿದಳಂತೆ, ಮೊಸರಿನ ಮುನಿತಾಯಮ್ಮ ಕಕ್ಕಸಿಗೂ ಹೆಪ್ಪು ಹಾಕಿ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂತ. ಜಗದಾಂಬಾ ಅವರ ಕೈಯಲ್ಲಿದ್ದ ಅನ್ನ ಮೊಸರು ಅಲ್ಲೇ ನಿಂತಿತು.

"ಹೆಪ್ಪು ಅಂದ್ರೆ ಹೆಪ್ಪೇ ಅಲ್ಲೇನ್ರೀ? ಕೈ ಒಂದೇ, ಹೆಪ್ಪು ಒಂದೇ" ಎಂದು ಅವರು ತಮ್ಮ ಬೀದಿಯ ಮನೆಮನೆಗೂ ಸಾರಿದರು. ಮರುದಿನದಿಂದ ಮೊಸರು ಕೊಳ್ಳುವವರೇ ಇಲ್ಲ.

ಮುನಿತಾಯಮ್ಮ ತುಂಬಿದ ಮಡಕೆಯನ್ನು ಹಾಗೇ ವಾಪಸು ಹೊತ್ತು ತರುತ್ತಿದ್ದಳು. ನಮ್ಮ ಬೀದಿಗೆಲ್ಲ ಪುಕ್ಕಟೆ ಮಜ್ಜಿಗೆ. ಕುಡಿದೂ ಕುಡಿದೂ ಕಕ್ಕಸಿನ ಸಾಲು ಉದ್ದವಾಯಿತು. ನಾವು ನಗುತ್ತಿದ್ದೆವು, ಅವಳು ಅಳುತ್ತಿದ್ದಳು. ಅವಳ ಮೊಸರು ಮಡಕೆ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಹೊಲ ಹೋದ ಮೇಲೆ ಅವಳ ಮಾನ, ಬದುಕು ಎಲ್ಲ ಆ ಒಂದು ಎಮ್ಮೆಯಲ್ಲೇ ಇತ್ತು. "ಅದು ಹೆಪ್ಪಲ್ಲ, ಬರೀ ರಾಡಿ ಅಂತ ಹೇಳಿಬಿಡಮ್ಮ" ಎಂದು ನಾನೇ ಬುದ್ಧಿ ಹೇಳಿದೆ.

"ಓದಿದೋನೇ ಹೆಪ್ಪು ಅಂದವ್ನೆ. ನಾನ್ಯಾಕೆ ಸುಳ್ಳಾಡಲಿ?" ಅಂದಳು. ಇಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಎಮ್ಮೆ ಮಾರುವುದೆಂದು ಬೈರಯ್ಯ ದಲ್ಲಾಳಿಗೆ ಹೇಳಿಕಳಿಸಿದ.

ಆ ವಾರವೇ ಶುಕ್ರವಾರ, ಆಗತಾನೆ ದೀಪ ಹಚ್ಚಿದ ಹೊತ್ತು, ನಮ್ಮ ಬೀದಿಗೆ ಒಂದು ಆಟೋ ಬಂತು. ಅದರಿಂದ ಜಗದಾಂಬಾ ಇಳಿದರು. ಹಿಂದೆ ಪಾಪಮ್ಮ, ಅವಳ ಎರಡು ಕೈಯಲ್ಲೂ ಮುಚ್ಚಳದ ಬಕೆಟ್ಟು.

"ಮುನಿತಾಯಮ್ಮನೋರೇ, ಸ್ವಲ್ಪ ಹೆಪ್ಪು ಕೊಡ್ರೀ."

ಇಷ್ಟು ವರ್ಷ "ಬಾರೇ, ಮೊಸರು ಅಳೆಯೇ" ಎನ್ನುತ್ತಿದ್ದವರು ಅಂದು ಮೊದಲ ಸಲ "ರೀ" ಹಚ್ಚಿದ್ದರು.

"ಯಾವ ಹೆಪ್ಪವ್ವಾ?"

ಜಗದಾಂಬಾ ತೊಟ್ಟಿಯ ಕಡೆ ಕಣ್ಣಲ್ಲೇ ತೋರಿಸಿದರು. ಶುದ್ಧದ ಭರಾಟೆಯಲ್ಲಿ ಅವರು ತಮ್ಮ ಹೊಸ ಮನೆಯ ತೊಟ್ಟಿಗೆ ದಿನವೂ ಸೀಸೆಗಟ್ಟಲೆ ಫಿನಾಯಿಲ್ ಸುರಿದಿದ್ದರು. ತೊಟ್ಟಿ ಸತ್ತು ನಾತ ಹೊಡೆಯುತ್ತಿತ್ತು. ಸೋಮವಾರ ಮಠದ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ಕರೆಸಿ ಕೇಳಿದರೆ ಅದೇ ಶ್ಯಾಮಸುಂದರ, ಫಿನಾಯಿಲ್ ನೀರೆಲ್ಲ ಎತ್ತಿಸಿ, ಒಳ್ಳೆಯ ತೊಟ್ಟಿಯ ರಾಡಿ ತಂದು ಇವತ್ತೇ ಹಾಕಿ ಎಂದಿದ್ದ. ಒಳ್ಳೆಯ ತೊಟ್ಟಿ ಅಂದರೆ ಆ ಸುತ್ತಿನಲ್ಲಿ ನಮ್ಮದೊಂದೇ.

ಮುನಿತಾಯಮ್ಮ ಎಲ್ಲ ಕೇಳಿ, ನಿಜವಾಗಿಯೂ ಮರುಕದಿಂದಲೇ ಹೇಳಿದಳು: "ಅಯ್ಯೋ, ದೀಪ ಹಚ್ಚಾಯ್ತಲ್ಲವ್ವ! ಅದ್ರಾಗೂ ಸುಕ್ರವಾರ. ಹೊತ್ತು ಮುಳುಗಿದ್ ಮ್ಯಾಲೆ ಹೆಪ್ಪು ಕೊಟ್ರೆ ಮನೆ ಲಕ್ಸ್ಮಿ ಹೊಂಟೋಗ್ತಾಳೆ. ನಿಮಗೆ ಗೊತ್ತಿಲ್ದೇನಾ? ನಾಳೆ ಹೊತ್ತಾರೆ ಬನ್ನಿ."

ಜಗದಾಂಬಾ ಬೇಡಿದರು, ಕೈ ಮುಗಿದರು. ಮುನಿತಾಯಮ್ಮ ಕದಲಲಿಲ್ಲ. ಕೊನೆಗೆ ಅವರಿಗೆ ತಾಳ್ಮೆ ತಪ್ಪಿತು.

"ಇದು ಹೆಪ್ಪಲ್ಲ ತಾಯಿ! ಬರೀ ರಾಡಿ! ಮೊಸರಿನ ಹೆಪ್ಪೇ ಬೇರೆ, ಇದೇ ಬೇರೆ! ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಳಗಿದ್ದವನೂ ಬಾಗಿಲು ಸಂದು ಮಾಡಿ ಇಣುಕಿದ.

"ಇನ್ನೊಂದ್ ಸಲ ಹೇಳಿ" ಎಂದಳು ಮುನಿತಾಯಮ್ಮ.

ಜಗದಾಂಬಾ ಅವರಿಗೆ ತಾವು ಏನು ಆಡಿದೆವೆಂದು ಆಗ ಹೊಳೆಯಿತು. ತಲೆ ತಗ್ಗಿಸಿ ಇನ್ನೊಂದು ಸಲ ಹೇಳಿದರು.

"ಇದನ್ನೇ ನಿಮ್ ಬೀದೀಲೂ ಹೇಳ್ತೀರಾ? ನಾಳಿದ್ದು ನನ್ ಎಮ್ಮೆ ನೋಡಾಕೆ ದಲ್ಲಾಳಿ ಬತ್ತಾನೆ ಕಣವ್ವ."

"ಹೇಳ್ತೀನ್ರೀ."

"ಅಂಗಾದ್ರೆ ಇದು ಹೆಪ್ಪಲ್ಲ" ಎಂದು ಮುನಿತಾಯಮ್ಮ ಬಗ್ಗಿ ತೊಟ್ಟಿಯ ಮುಚ್ಚಳ ಸರಿಸಿದಳು. "ರಾಡಿಗೆ ಸುಕ್ರವಾರ ಏನಿಲ್ಲ. ಬಕೀಟು ಹಿಡೀರಿ."

ಮರುದಿನ ಬೆಳಿಗ್ಗೆ ನಡೆದದ್ದನ್ನು ಪಾಪಮ್ಮ ಬಂದು ಹೇಳಿದಳು. ಮುನಿತಾಯಮ್ಮ ಅಳುಕುತ್ತಲೇ ಆ ಬೀದಿಗೆ ಕಾಲಿಟ್ಟರೆ, ಜಗದಾಂಬಾ ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿದ್ದರಂತೆ. ಎದುರು ಮನೆಯ ನೀಲಗಂಗಮ್ಮನನ್ನು ಕೂಗಿ ಕರೆದರಂತೆ, ಮೊಸರು ಬಂದೈತಿ ಬರ್ರೀ ಅಂತ.

"ಮತ್ತೆ ಆ ಇನ್ನೊಂದು ಹೆಪ್ಪು?" ಎಂದು ನೀಲಗಂಗಮ್ಮ ಅನುಮಾನದಿಂದ ಕೇಳಿದ್ದಾರೆ.

"ಅದು ಮೊಸರಿನಾಗ ಇಲ್ರೀ, ನಮ್ಮನಿ ತೊಟ್ಟ್ಯಾಗೈತಿ" ಎಂದು ಜಗದಾಂಬಾ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಮುನಿತಾಯಮ್ಮ ಮಡಕೆ ಇಳಿಸಿ ಗೇಟಿನ ಹತ್ತಿರವೇ ಕೂತು ಅತ್ತುಬಿಟ್ಟಳಂತೆ. ಅಂದು ಆ ಬೀದಿಗೆಲ್ಲ ಮೊಸರು ಅಳೆದು ಕೊಟ್ಟವರು ಜಗದಾಂಬಾ ಅವರೇ.