ಕೊನೆಯ ಪಾಲು

ಮಾನ್ವಿಯ ನಾಗರತ್ನಮ್ಮನಿಗೆ ನಲವತ್ತೆಂಟು ದಾಟಿತ್ತು. ಮೈ ಭಾರವಾಗಿ ಮೊಣಕಾಲು ಹಿಡಿದುಕೊಂಡಿದ್ದವು. ರಾಯಚೂರಿನ ಡಾಕ್ಟರಮ್ಮ, "ಒಂದು ರೊಟ್ಟಿ, ಪಲ್ಯ ಜಾಸ್ತಿ, ಅನ್ನ ಒಂದ್ ಹಿಡಿ ಸಾಕು. ಸಂಜಿಗೇ ಊಟ ಮುಗಸ್ರಿ" ಎಂದಿದ್ದರು.

ಆದರೆ ಆ ಮನೆಯಲ್ಲಿ ಹೆಂಗಸರು ಉಣ್ಣುವುದು ಕೊನೆಗೆ. ಅವಳ ಪಾಲೆಂದರೆ ಪಾತ್ರೆಯಲ್ಲಿ ಉಳಿದದ್ದೆಲ್ಲ; ಎಷ್ಟಿದ್ದರೂ ಅವಳೇ ಮುಗಿಸಬೇಕು.

ಅಂದು ಧೈರ್ಯ ಮಾಡಿ ಎಲ್ಲರಿಗಿಂತ ಮೊದಲೇ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಕುಳಿತಳು. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಗಂಡಸರು ಇನ್ನೂ ಉಂಡಿಲ್ಲ, ನೀ ಹೆಂಗ ಕುಂತಿ?"

"ಡಾಕ್ಟರಮ್ಮ ಹೇಳ್ಯಾರ್ರೀ ಅತ್ತಿ."

ಗಂಡ ಪಂಪಾಪತಿಯೂ ಮೈದುನನೂ ಉಂಡೆದ್ದ ಮೇಲೆ ಅತ್ತೆ ಅನ್ನದ ಬೋಗುಣಿಯನ್ನು ತಂದು ಅವಳ ಮುಂದಿಟ್ಟರು. ಅದರಲ್ಲಿ ಇನ್ನೂ ಒಬ್ಬರು ಉಣ್ಣುವಷ್ಟಿತ್ತು.

"ಅನ್ನ ಚೆಲ್ಲೋ ಮನಿ ಅಲ್ಲ ಇದು. ಉಣ್ಣು."

ನಾಗರತ್ನಮ್ಮ ಗಂಡನ ಮುಖ ನೋಡಿದಳು. "ಡಾಕ್ಟರ್ ಮಾತೂ ಕೇಳು, ಅವ್ವನ ಮಾತೂ ಕೇಳು" ಎಂದು ಅವನು ಟಿವಿ ಹಚ್ಚಿದ.

ಅವಳ ಹೊಟ್ಟೆ ತುಂಬಿತ್ತು. ಆದರೂ ಗೋಡೆ ಹಿಡಿದು ನಿಧಾನ ಕೆಳಗೆ ಕುಳಿತು ಎರಡನೇ ಸಲ ಉಂಡಳು. ಮರುದಿನದಿಂದ ಮತ್ತೆ ಎಲ್ಲರದಾದ ಮೇಲೆಯೇ ತಟ್ಟೆ ಹಾಕಿಕೊಂಡಳು. ಹಾಗಾದರೆ ಒಂದು ಸಲ ಉಂಡರೆ ಮುಗಿಯುತ್ತಿತ್ತು.